ಗೊಬ್ಬರ ಉಂಡು ಮುದುಡಿದ ಅವರೆ

ಕೆಟ್ಟ ಗೊಬ್ಬರವನ್ನು ಕಣ್ಣಿನಿಂದ ನೋಡಿ ಗುರುತಿಸಲಾಗುವುದಿಲ್ಲ. ಒಳ್ಳೆಯ ಗೊಬ್ಬರದಂತೆ ಅದೂ ಕಪ್ಪಗಿರುತ್ತದೆ, ಹಿಡಿದರೆ ಪುಡಿಪುಡಿಯಾಗಿ ಉದುರುತ್ತದೆ, ಮೂಗಿಗೂ ಹಿತವಾಗಿಯೇ ಇರುತ್ತದೆ. ಹೊರಗಿನಿಂದ ಇಷ್ಟು ಸಭ್ಯವಾಗಿ ಕಾಣುವ ವಸ್ತುವನ್ನು ಅನುಮಾನಿಸುವುದು ನನ್ನಂಥವಳಿಗೆ ಬಲು ಕಷ್ಟ. ಸೈನ್ಯದ ಆಸ್ಪತ್ರೆಗಳಲ್ಲಿ ನರ್ಸ್ ಆಗಿ, ಕಡೆಗೆ ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ಹಾಸಿಗೆಯ ಮೂಲೆ ನೆಟ್ಟಗೆ ಮಡಚಿದ್ದರೆ ರೋಗಿ ಅರ್ಧ ಗುಣವಾದ ಎಂದೇ ನನ್ನ ನಂಬಿಕೆ.

ಕೊನೆಗೆ ಸೇವೆಯಲ್ಲಿದ್ದ ನಾಗಪುರದಲ್ಲೇ ಮನೆ ಮಾಡಿ ನಿಂತಾಗ ನಮ್ಮ ಕಾಲೊನಿಯ ಹಿಂದೆ ಒಂದು ಉದ್ದನೆಯ ಖಾಲಿ ಜಾಗವಿತ್ತು. ಬೇಕಾದವರು ತಲಾ ಒಂದೊಂದು ತುಂಡು ಹಂಚಿಕೊಂಡು ತರಕಾರಿ ಬೆಳೆಯುತ್ತಿದ್ದೆವು. ಬಾವಿಯ ಸರದಿ, ಬೇಲಿಯ ದುರಸ್ತಿ, ಗೊಬ್ಬರ ಹಾಕುವ ದಿನ ಎಲ್ಲವನ್ನೂ ನಾನೇ ಗೊತ್ತು ಮಾಡುತ್ತಿದ್ದೆ. ಯಾರೂ ಕೇಳಿಕೊಂಡಿರಲಿಲ್ಲ ಎನ್ನುವುದು ಬೇರೆ ಮಾತು. ಮೃಗಶಿರೆ ಮಳೆ ಹತ್ತಿರ ಬಂದಾಗ ಪಕ್ಕದ ಗೌಳಿಯ ತಿಪ್ಪೆಯಿಂದ ಎಮ್ಮೆಗೊಬ್ಬರ ತರಿಸಿ ಎಲ್ಲರ ಮಡಿಗಳಿಗೂ ಒಂದೇ ದಿನ, ಒಂದೇ ಅಳತೆಯಲ್ಲಿ ಹಾಕಿಸುವುದು ನನ್ನ ಪದ್ಧತಿ.

ಈ ವ್ಯವಸ್ಥೆಗೆ ಸೊಪ್ಪು ಹಾಕದವರು ಒಬ್ಬರೇ, ಬೆಳಗಾವಿ ಕಡೆಯ ಕುಲಕರ್ಣಿ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಅವಸರವನ್ನೇ ತ್ಯಜಿಸಿದ್ದರು.

"ಕುಲಕರ್ಣಿಯವರ, ನಾಳೆ ಗೊಬ್ಬರಾ ಹಾಕೋದದ. ಜಲ್ದಿ ಬರ್ರಿ," ಎಂದರೆ, "ಸಿಸ್ಟರ್, ಭೂಮಿತಾಯಿ ಇನ್ನೂ ಮಲ್ಕೊಂಡಾಳ. ಆಕಿ ಏಳ್ಲಿ, ಆಮ್ಯಾಲೆ ನೋಡೋಣಂತ," ಎನ್ನುವರು. ತಾಯಿ ಎದ್ದಳೋ ಇಲ್ಲವೋ, ಮಗನಂತೂ ಏಳಲಿಲ್ಲ. ಅವರ ಮಡಿಗೆ ಗೊಬ್ಬರ ಬೀಳಲಿಲ್ಲ.

ಆ ವರ್ಷ ನನ್ನ ಮಡಿಯಲ್ಲಿ ಊರಿದ್ದು ನಮ್ಮ ತವರಿನ ಅವರೆ. ನವಲಗುಂದದ ನಮ್ಮಕ್ಕ ಹಿತ್ತಲಲ್ಲಿ ಬೆಳೆಸಿಕೊಂಡು ಬಂದ ಜವಾರಿ ತಳಿ. ಕಾಯಿಯ ಅಂಚಿನಲ್ಲಿ ನೇರಳೆ ಗೆರೆ, ಸಾರಿಗೆ ಹಾಕಿದರೆ ಓಣಿಗೆಲ್ಲ ಘಮ. ಅಕ್ಕ ತೀರಿಕೊಂಡ ಮೇಲೆ ಆ ಹಿತ್ತಲೂ ಉಳಿಯಲಿಲ್ಲ. ಆ ಬೀಜ ಇನ್ನು ಇದ್ದದ್ದು ನನ್ನ ಡಬ್ಬಿಯಲ್ಲಿ ಮಾತ್ರ. ಆದರೆ ಔಷಧದ ಕಪಾಟಿನಲ್ಲಿ ಹಳೆಯ ದಾಸ್ತಾನು ಉಳಿಯಬಾರದು ಎನ್ನುವುದು ನನ್ನ ವೃತ್ತಿಯ ನಿಯಮ. ಹಾಗಾಗಿ ಪ್ರತಿ ವರ್ಷವೂ ಡಬ್ಬಿ ಬರಿದು ಮಾಡಿ ಅಷ್ಟನ್ನೂ ಬಿತ್ತುತ್ತಿದ್ದೆ. ಆ ಸಲವೂ ಡಬ್ಬಿಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದೆ.

ಮೊಳಕೆ ಚೆನ್ನಾಗಿಯೇ ಬಂತು. ಆಮೇಲೆ ಎಲೆಗಳು ಬಟ್ಟಲಿನಂತೆ ಮಡಚಿಕೊಂಡವು, ಕುಡಿ ತಿರುಚಿಕೊಂಡಿತು, ಕಾಂಡ ಹುರಿ ಹಾಕಿದ ಹಗ್ಗದಂತಾಯಿತು. ಟೊಮೆಟೊ ಎಲೆಗಳಂತೂ ಜರಿಗಿಡದ ಹಾಗೆ ಎಳೆಎಳೆಯಾದವು. ಉಳಿದವರ ಮಡಿಗಳಲ್ಲೂ ಇದೇ ಕಥೆ. ಬೇವಿನ ಕಷಾಯ ಸಿಂಪಡಿಸಿದೆ, ಬೂದಿ ಉದುರಿಸಿದೆ, ನಿಶ್ಶಕ್ತಿ ಇರಬೇಕೆಂದು ಇನ್ನೊಂದು ಬುಟ್ಟಿ ಗೊಬ್ಬರ ಕೊಟ್ಟೆ. ರೋಗ ಹೆಚ್ಚಿತು. ನಮ್ಮ ಮನೆಯವರು ಬಾವಿಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದವರು, "ಏನ್ರೀ ಮೇಟ್ರನ್‌ಬಾಯಾರ, ಪೇಶಂಟಿಗೆ ಇನ್ನೂ ಎಷ್ಟು ಉಣಸ್ತೀರಿ? ಅದು ಒಲ್ಲೆ ಒಲ್ಲೆ ಅಂತ ಕೈ ಮಡಚ್ಕೊಂಡು ಕೂತದ," ಎಂದರು.

ಅವರು ನಗೆಯಾಡಿದರೂ ನನಗೆ ವಾರ್ಡು ನೆನಪಾಯಿತು. ಇಡೀ ವಾರ್ಡಿಗೆ ಒಟ್ಟಿಗೆ ಹೊಟ್ಟೆ ಕೆಟ್ಟರೆ ನಾವು ಒಬ್ಬೊಬ್ಬರ ನಾಡಿ ಹಿಡಿಯುತ್ತ ಕೂರುವುದಿಲ್ಲ. ರಾತ್ರಿ ಉಣ್ಣದೆ ಮಲಗಿದವನು ಯಾರು ಎಂದು ಹುಡುಕುತ್ತೇವೆ. ಅವನು ಆರೋಗ್ಯವಾಗಿದ್ದರೆ ತಪ್ಪು ಅಡುಗೆಮನೆಯದು. ನಮ್ಮ ಸಾಲಿನಲ್ಲಿ ಉಪವಾಸ ಮಲಗಿದ್ದು ಕುಲಕರ್ಣಿಯವರ ಮಡಿ. ಹೋಗಿ ನೋಡಿದರೆ ಮೊಣಕಾಲುದ್ದ ಕಳೆ. ಅದರ ನಡುವೆ ಅವರ ಟೊಮೆಟೊ ಗಿಡಗಳು ಲಕಲಕ ಹೊಳೆಯುತ್ತಿವೆ!

ಅನುಮಾನ ರುಜುವಾತಾಗಬೇಕಲ್ಲ. ಅಡುಗೆಮನೆಯ ಅಲಸಂದೆಯನ್ನೇ ಕುಂಡಗಳಲ್ಲಿ ಊರಿದೆ. ಒಂದು ಸಾಲಿಗೆ ಬರೀ ಮಣ್ಣು, ಇನ್ನೊಂದಕ್ಕೆ ಅದೇ ಮಣ್ಣಿನ ಜೊತೆ ಆ ಗೊಬ್ಬರ. ಮೊದಲ ಸಾಲು ನೆಟ್ಟಗೆ ಎದ್ದು ನಿಂತಿತು. ಎರಡನೆಯದು ಎಲೆ ಬಿಟ್ಟ ಕೂಡಲೇ ಮುದುಡಿತು. ನೆಟ್ಟಗೆ ಗೌಳಿಯ ಕೊಟ್ಟಿಗೆಗೆ ನಡೆದೆ.

"ಬಾಯಿ, ಮೇರೀ ಭೈಂಸ್ ಕೋ ದೇಖೋ, ಕೈಸೀ ಮಸ್ತ್ ಹೈ!" ಎಂದು ಅವನು ಎಮ್ಮೆಯ ಬೆನ್ನು ತಟ್ಟಿದ. ಎಮ್ಮೆ ನಿಜಕ್ಕೂ ಮಸ್ತಾಗಿತ್ತು. ಏನು ತಿನ್ನಿಸುತ್ತೀ ಎಂದು ವಿಚಾರಿಸಿದೆ. ಸಿವಿಲ್ ಲೈನ್ಸಿನ ಯಾವುದೋ ದೊಡ್ಡ ಬಂಗಲೆಯವರು ತಮ್ಮ ಅಂಗಳದಲ್ಲಿ ಕತ್ತರಿಸಿದ ಹುಲ್ಲನ್ನು ಹೋದ ಚಳಿಗಾಲದಿಂದ ಪುಕ್ಕಟೆ ಕೊಡುತ್ತಿದ್ದಾರಂತೆ. "ಏಕ್ ಭೀ ಕಚರಾ ನಹೀಂ, ಖಾಲಿ ಘಾಸ್! ದವಾ ಮಾರ್‌ತೇ ಹೈಂ ನಾ," ಎಂದು ಹೆಮ್ಮೆಪಟ್ಟ. ಹುಲ್ಲಿನ ನಡುವೆ ಒಂದೂ ಕಳೆ ಇರದಂತೆ ಬಂಗಲೆಯವರು ಹೊಡೆಯುತ್ತಿದ್ದ ಆ ದವಾ, ಕಳೆ ಕೊಲ್ಲುವ ಔಷಧ.

ಕೃಷಿ ಓದಿದ ನಮ್ಮ ತಂಗಿಯ ಮಗಳು ಉಳಿದದ್ದನ್ನು ಫೋನಿನಲ್ಲಿ ಬಿಡಿಸಿ ಹೇಳಿದಳು. ಈ ಔಷಧ ಗಿಡವನ್ನು ಸುಟ್ಟು ಕೊಲ್ಲುವುದಿಲ್ಲವಂತೆ. ಗಿಡದೊಳಗೆ ಬೆಳವಣಿಗೆಗೆ ಅಪ್ಪಣೆ ಕೊಡುವ ರಸವೊಂದಿದೆಯಲ್ಲ, ಅದರ ವೇಷ ಹಾಕಿ ಒಳಹೊಕ್ಕು "ಬೆಳೆ, ಬೆಳೆ" ಎನ್ನುತ್ತದೆ. ಅವರೆ, ಟೊಮೆಟೊದಂಥ ವಿಧೇಯ ಗಿಡಗಳು ಅಪ್ಪಣೆ ಪಾಲಿಸಿ ಪಾಲಿಸಿ ತಿರುಚಿಕೊಂಡು ಸಾಯುತ್ತವೆ. ಹುಲ್ಲು ಆ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಹುಲ್ಲಿನಿಂದ ಎಮ್ಮೆಯ ಹೊಟ್ಟೆಗೆ, ಅಲ್ಲಿಂದ ಸಗಣಿಗೆ, ಸಗಣಿಯಿಂದ ನನ್ನ ಮಡಿಗೆ ಆ ಅಪ್ಪಣೆ ತಲುಪಿತ್ತು. ಅದೂ ಜೀವಮಾನವಿಡೀ ಅಪ್ಪಣೆ ಕೊಟ್ಟವಳ ಮಡಿಗೆ!

ಆ ಹುಲ್ಲು ನಿಲ್ಲದಿದ್ದರೆ ಇಡೀ ಕಾಲೊನಿ ಅವನ ಹಾಲು ಕೊಳ್ಳುವುದನ್ನು ನಿಲ್ಲಿಸುತ್ತದೆಂದು ಗೌಳಿಗೆ ತಿಳಿಸಿದೆ, ಹುಲ್ಲು ನಿಂತಿತು. ಗೊಬ್ಬರ ಬಿದ್ದ ಮಡಿಗಳನ್ನು ಅಗೆಸಿ, ಮಗುಚಿಸಿ, ಮೆಕ್ಕೆಜೋಳ ಹಾಕಿಸಿದೆ. ಅದೂ ಹುಲ್ಲಿನ ಜಾತಿಯೇ ತಾನೆ. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಔಷಧವನ್ನು ನಿಧಾನವಾಗಿ ಅರಗಿಸಿಕೊಳ್ಳುತ್ತವಂತೆ. ಸತ್ತ ಗಿಡಗಳನ್ನು ತಿಪ್ಪೆಗೆ ಹಾಕಗೊಡಲಿಲ್ಲ, ವಿಷ ಮತ್ತೆ ಸುತ್ತಿ ಬರುತ್ತದೆಂದು.

ಆದರೆ ಅವರೆ? ನನ್ನ ಮಡಿಯ ಅಗೆಯದೆ ಬಿಟ್ಟ ಅಂಚಿನಲ್ಲಿ, ಗೊಬ್ಬರ ಕಡಿಮೆ ಬಿದ್ದಲ್ಲಿ, ಕೆಲವು ಸಸಿಗಳು ಇನ್ನೂ ಉಸಿರಾಡುತ್ತಿದ್ದವು. ಅವುಗಳಿಗೆ ಬೇಕಾದದ್ದು ಶುದ್ಧ ನೆಲ. ಅದು ಇದ್ದದ್ದು ಒಬ್ಬರ ಹತ್ತಿರ ಮಾತ್ರ. ಹೋಗಿ ಕೇಳಿದೆ.

"ಬರ್ರಿ ಸಿಸ್ಟರ್, ಜಾಗಾ ಭರಪೂರ ಅದ," ಎಂದರು ಕುಲಕರ್ಣಿ. "ಖರೆ ಒಂದು ಕಂಡೀಷನ್. ನಿಮ್ಮ ಅವರಿ ಸುತ್ತಲಿಂದು ಬಿಟ್ಟು ನನ್ನ ಕಸಾ ಕೀಳಬಾರ್ದು."

"ಕಸಕ್ಕೂ ಮಾಲಕತ್ವ ಏನ್ರೀ?"

"ಮತ್ತ? ಈ ಸಾಲಿನಾಗ ಆರೋಗ್ಯವಂತ ಕಸಾ ನಂದೊಂದ ಅದ!"

ಒಂದು ಮೋಡದ ಸಂಜೆ ಸಸಿಗಳ ಬೇರಿನ ಮಣ್ಣನ್ನು ಮೆಲ್ಲಗೆ ತೊಳೆದು ಅಲ್ಲಿ ನೆಟ್ಟೆ. ಹೆಚ್ಚಿನವು ಬಾಡಿದವು. ಎರಡು ಮಾತ್ರ ಬಹಳ ದಿನ ಯೋಚನೆ ಮಾಡಿ, ಕೊನೆಗೆ ಮಡಚದ ಒಂದೊಂದು ಎಲೆ ಬಿಟ್ಟವು. ದಿನವೂ ಹೋಗಿ ನೋಡುತ್ತಿದ್ದೆ. ಅವುಗಳಾಚೆಯ ಕುಲಕರ್ಣಿಯವರ ಕಳೆ ಕೀಳಲು ಕೈ ತುರಿಸುತ್ತಿತ್ತು. ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಣಗಿದ ಕಾಯಿ ಬಿಡಿಸಿದರೆ ಒಂದು ಹಿಡಿ ಬೀಜ ಸಿಕ್ಕಿತು. ಸಾರಿಗೆ ಒಂದೂ ಹಾಕಲಿಲ್ಲ. ಮೊದಲು ಒಂದು ಪಾಲನ್ನು ಬಿತ್ತದೆ ಉಳಿಸಿಕೊಳ್ಳಲು ಡಬ್ಬಿಯಲ್ಲಿಟ್ಟೆ. ಇನ್ನೊಂದು ಪಾಲನ್ನು ಕಾಗದದಲ್ಲಿ ಕಟ್ಟಿ ಕುಲಕರ್ಣಿಯವರ ಕೈಗೆ ಕೊಟ್ಟೆ. ಎಲ್ಲ ಬೀಜವೂ ಶಿಸ್ತಿನವರ ಮನೆಯಲ್ಲೇ ಇದ್ದರೆ ಒಂದೇ ತಪ್ಪಿಗೆ ಎಲ್ಲವೂ ಒಟ್ಟಿಗೇ ಹೋಗಿಬಿಡುತ್ತದೆ.

"ಇವನ್ನ ಯಾವಾಗ ಹಾಕ್ಲಿ, ಸಿಸ್ಟರ್?" ಎಂದು ಅವರು ಭಯಭಕ್ತಿಯಿಂದ ಕೇಳಿದರು.

"ನಿಮಗ ಯಾವಾಗ ನೆನಪಾಗ್ತದ, ಆವಾಗ," ಎಂದೆ. ನನ್ನ ಇಡೀ ಸೇವಾವಧಿಯಲ್ಲಿ ಇಂಥ ಆದೇಶವನ್ನು ಯಾರಿಗೂ ಕೊಟ್ಟಿರಲಿಲ್ಲ. ಕುಲಕರ್ಣಿಯವರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ.