ಪೂಜೆಗಿಟ್ಟ ಕಂಪ್ಯೂಟರ್ ಮುಟ್ಟಿದವಳು ನಾನು

ಆ ವರ್ಷ ಖಂಡೇನವಮಿಯ ದಿನ, ಪೂಜೆಗೆ ಇಟ್ಟಿದ್ದ ಕಂಪ್ಯೂಟರನ್ನು ಮುಟ್ಟಿದವಳು ನಾನು. ಸವಿತಾ ಅಲ್ಲ. ಹನ್ನೆರಡು ವರ್ಷಗಳಿಂದ ನಮ್ಮ ಮನೆಯವರೆಲ್ಲ ಅದು ಅವಳ ಕೆಲಸವೆಂದೇ ನಂಬಿದ್ದಾರೆ — ನಂಬುವಂತೆ ಮಾಡಿದವಳೂ ನಾನೇ.

ಸವಿತಾ ನನ್ನ ಮೈದುನನ ಹೆಂಡತಿ. ಆಗ ನಾವು ನಾಲ್ವರೂ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಯಜಮಾನರಿಗೆ ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಲೇತ್ ಮಷೀನಿನ ಕೆಲಸ, ಮೈದುನ ಶಿವುಗೆ ಕಳವಾ ಎಂಬ ಊರಿನ ರೈಲ್ವೆ ಕಾರ್‌ಶೆಡ್ಡಿನಲ್ಲಿ. ನಳದಲ್ಲಿ ಎರಡು ಹೊತ್ತು ನೀರು, ಮುಂಜಾನೆ ಕಿಟಕಿಯಿಂದ ದೇವರ ಮಾಡದ ಮೇಲೆ ಬೀಳುವ ಒಂದು ಹಿಡಿ ಬಿಸಿಲು — ಇಷ್ಟನ್ನೂ ತಾಯಿ ಬನಶಂಕರಿಯ ದಯೆಯೆಂದು ನಾನು ದೀಪ ಹಚ್ಚುವಾಗ ದಿನಾ ನೆನೆಯುತ್ತಿದ್ದೆ. ಶಿವು ಯಾರದೋ ಹಳೆಯ ಕಂಪ್ಯೂಟರ್ ತಂದಾಗ ಅದೂ ಆ ಸಾಲಿಗೆ ಸೇರಿತು. ಏಕೆಂದರೆ ಅದರಲ್ಲಿ ನಮ್ಮ ಅತ್ತೆ ಇದ್ದರು.

ಇದ್ದರು ಎಂದರೆ — ಅವರ ದನಿ. ಬೀಸುವ ಪದ, ತೊಟ್ಟಿಲ ಪದ, ಆರತಿ ಪದ, ಒಟ್ಟು ಹದಿನೇಳು ಹಾಡು. ಕಣ್ಣು ಮುಚ್ಚುವ ಹಿಂದಿನ ದೀಪಾವಳಿಯಲ್ಲಿ, ವಿಜಯಪುರದ ಮನೆಯಲ್ಲಿ, ಶಿವು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದ. ಠಾಣೆಯ ಅಂಗಡಿಯೊಂದರಲ್ಲಿ ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆವು. ಆಮೇಲೆ ಕ್ಯಾಸೆಟ್ಟಿನ ಟೇಪು ಸಿಕ್ಕು ಬಿದ್ದು ಹರಿದುಹೋಯಿತು. ಅತ್ತೆಯ ದನಿ ಭೂಮಿಯ ಮೇಲೆ ಉಳಿದದ್ದು ಆ ಒಂದು ಪೆಟ್ಟಿಗೆಯಲ್ಲಿ ಮಾತ್ರ.

ಸವಿತಾ ಮದುವೆಯಾಗಿ ಬಂದದ್ದು ಅತ್ತೆ ಹೋದ ಮೇಲೆ. ಪಿಯುಸಿ ಓದಿದ್ದಳು. ಸ್ಟೇಷನ್ ಹತ್ತಿರದ ಕ್ಲಾಸಿಗೆ ಸೇರಿ ಕಂಪ್ಯೂಟರ್ ಕಲಿತಳು. ಬೇಲಾಪುರದ ಒಂದು ಕಚೇರಿಯಲ್ಲಿ ಆಪರೇಟರ್ ಕೆಲಸಕ್ಕೆ ಅರ್ಜಿ ಹಾಕಿದ್ದಳು, ಟೈಪಿಂಗ್ ಪರೀಕ್ಷೆಗೆ ಕರೆ ಬಂದಿತ್ತು. ಶಿವು ಕಂಪ್ಯೂಟರಿನ ಮುಂದೆ ಕೂತಿರುವಾಗ ಇವಳು ರಟ್ಟಿನ ಮೇಲೆ ಕೀಬೋರ್ಡ್ ಬರೆದುಕೊಂಡು, ಅದನ್ನು ಅಡುಗೆಮನೆಯ ಕಟ್ಟೆಗೆ ಒರಗಿಸಿ, ಕುಕ್ಕರ್ ಕೂಗುವುದರೊಳಗೆ ಬೆರಳು ಆಡಿಸುತ್ತಿದ್ದಳು. ಹಿಟ್ಟು ಹತ್ತಿದ ಬೆರಳು, ಇಂಗ್ಲಿಷ್ ಅಕ್ಷರ. ನನಗೆ ನಗು ಬರುತ್ತಿತ್ತು. ಒಳಗೊಳಗೆ ಬೆರಗೂ ಆಗುತ್ತಿತ್ತು — ಹೇಳಲಿಲ್ಲ.

ಖಂಡೇನವಮಿಯ ದಿನ ಮನೆಯ ಆಯುಧಗಳನ್ನೆಲ್ಲ ತೊಳೆದು ಪೂಜೆಗಿಡುವುದು ನಮ್ಮ ರೂಢಿ. ಇಟ್ಟ ಮೇಲೆ ಮಾರನೆಯ ದಿನ, ದಶಮಿಯ ಪೂಜೆಯಾಗುವ ತನಕ ಮುಟ್ಟುವಂತಿಲ್ಲ. ಈಳಿಗೆ, ಕತ್ತರಿ, ಯಜಮಾನರ ನಟ್ಟು ತಿರುವುವ ಪಾನಾ, ಅವುಗಳ ಜೊತೆಗೆ ಕಂಪ್ಯೂಟರಿಗೂ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಈ ನೇಮ ಮಾಡಿದವಳು ನಾನು.

ಅವತ್ತು ಮುಂಜಾನೆ ಸವಿತಾ ಕೇಳಿಕೊಂಡಳು: "ಅಕ್ಕಾ, ಪರೀಕ್ಷಾಕ್ಕ ಇನ್ನ ಐದ ದಿನ ಐತ್ರಿ. ಒಂದ ತಾಸು ಟೈಪ್ ಮಾಡಿ, ಕೈಕಾಲು ತೊಳಕೊಂಡು ನಾನ ಪೂಜಿಗಿ ಇಡ್ತೀನ್ರಿ."

"ಸರಸ್ವತಿ ಕುಂತಾಳ ಅದರಾಗ. ನಾಳಿ ಮಟಾ ಯಾರೂ ಮುಟ್ಟೂ ಹಂಗಿಲ್ಲ."

"ಸರಸ್ವತಿಗೂ ಟೈಪಿಂಗ್ ಕಲಿಸಿಬಿಡ್ತೀನಿ ಬಿಡ್ರಿ ಅಕ್ಕಾ!" ಎಂದು ನಕ್ಕಳು. ನಾನು ನಗಲಿಲ್ಲ. ಅವಳು ಸುಮ್ಮನೆ ರಟ್ಟು ತೆಗೆದುಕೊಂಡು ಒಳಗೆ ಹೋದಳು.

ಮಧ್ಯಾಹ್ನ ಗಂಡಸರಿಬ್ಬರೂ ತಮ್ಮ ತಮ್ಮ ಕೆಲಸದ ಜಾಗದ ಪೂಜೆಗೆ ಹೋಗಿದ್ದರು. ಸವಿತಾ ಬನ್ನಿ ಎಲೆ ತರಲು ಬಜಾರಿಗೆ ಹೋದಳು. ಮನೆಯಲ್ಲಿ ನಾನೊಬ್ಬಳೇ. ಆರತಿ ತಟ್ಟೆ ಕೈಗೆತ್ತಿಕೊಂಡಾಗ ಅತ್ತೆಯ ಆರತಿ ಪದ ಕೇಳಬೇಕೆನ್ನಿಸಿತು. ಒಂದೇ ಹಾಡು — ದೇವರಿಗೇ ಅಲ್ಲವೆ —

ಮಾಲೆ ಸರಿಸಿ ಗುಂಡಿ ಒತ್ತಿದೆ.

ಶಿವು ಹಾಡು ಹಚ್ಚುವುದನ್ನು ನೋಡಿದ್ದೆ, ಆದರೆ ಮೌಸಿನ ಯಾವ ಮಗ್ಗುಲು ಒತ್ತುತ್ತಾನೆ ಎಂದು ಗಮನಿಸಿರಲಿಲ್ಲ. ಬಲಮಗ್ಗುಲು ಒತ್ತಿದೆ. ಒಂದು ಪಟ್ಟಿ ಬಂತು. ಅದರೊಳಗೆ ಇನ್ನೊಂದು. ಕೊನೆಗೆ ಚಿಕ್ಕ ಚಿಕ್ಕ ಚಿತ್ರಗಳಿದ್ದ ಒಂದು ಚೌಕ. ಅವುಗಳಲ್ಲಿ ಒಂದು ವಹಿಯ, ಅಂದರೆ ನೋಟ್‌ಬುಕ್ಕಿನ, ಚಿತ್ರವಿತ್ತು. ಊರಲ್ಲಿ ಅತ್ತೆಯ ಪದಗಳನ್ನೆಲ್ಲ ಒಂದು ವಹಿಯಲ್ಲಿ ತಾನೆ ಬರೆದಿಟ್ಟದ್ದು! ಅದನ್ನೇ ಆರಿಸಿದೆ. ಕೆಳಗೊಂದು ಖಾಲಿ ಮನೆ, ಅದನ್ನು ಒತ್ತಿದರೆ ಸರಿ ಗುರುತು ಬಿತ್ತು. ಸರಿ ಗುರುತು ಬಿದ್ದ ಮೇಲೆ ಎಲ್ಲ ಸರಿಯೇ ಇರಬೇಕೆಂದುಕೊಂಡೆ.

ಹಾಡು ಬರಲಿಲ್ಲ. ಪರದೆಯ ತುಂಬ ಹುಳುಹುಪ್ಪಟೆಯಂಥ ಅಕ್ಷರಗಳು, ಚೌಕಗಳು. ಗಾಬರಿಯಾಗಿ ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದೆ. ಮುಚ್ಚಲು ಹೋದರೆ ಅದು ಇಂಗ್ಲಿಷಿನಲ್ಲಿ ಏನೋ ಕೇಳಿತು. ಕೂಡಿಸಿ ಓದಲು ಬಂದದ್ದು 'ನೋ' ಎಂಬುದೊಂದೇ, ಅದನ್ನೇ ಒತ್ತಿದೆ. ನೋಡುತ್ತೇನೆ — ಹದಿನೇಳೂ ಹಾಡುಗಳ ಚಿತ್ರ ಬದಲಾಗಿ ವಹಿಯಾಗಿವೆ. ಯಾವುದನ್ನು ತೆರೆದರೂ ಅದೇ ಹುಳುಗಳು. ಅತ್ತೆಯನ್ನು ಎರಡನೆಯ ಸಲ ಕಳೆದುಕೊಂಡೆ, ಅದೂ ನನ್ನ ಕೈಯಾರೆ, ಎಂದುಕೊಂಡೆ. ಕಂಪ್ಯೂಟರ್ ಬಂದ್ ಮಾಡಿ, ಮಾಲೆಯನ್ನು ಇದ್ದ ಹಾಗೆಯೇ ಹಾಕಿ, ಆರತಿ ಬೆಳಗಿದೆ.

ಮರುದಿನ ದಶಮಿಯ ಪೂಜೆ ಮುಗಿಸಿ ಶಿವು ಅವ್ವನ ಹಾಡು ಹಚ್ಚಲು ಕೂತ. ಎದುರುಮನೆಯ ಮರಾಠಿ ಹೆಂಗಸು, ದಸರೆಗೆ ಬಂಗಾರವೆಂದು ಹಂಚುವ ಎಲೆ ಕೊಡಲು ಬಂದವರು, ಪರದೆ ನೋಡಿ, "ವಹಿನೀ, ಹೇ ತರ ಚೀನೀ ಝಾಲಂ!" ಎಂದು ನಕ್ಕರು. ಅತ್ತಿಗೆ, ಇದು ಚೀನಿ ಭಾಷೆಯಾಯಿತಲ್ಲ ಎಂದು. ಶಿವು ನಗಲಿಲ್ಲ.

"ಯಾರು ಮುಟ್ಟ್ಯಾರ ಇದನ್ನ? ಅವ್ವನ ಹಾಡು ಎಲ್ಲಿ ಅದಾವು?"

ಯಜಮಾನರು ನನ್ನತ್ತ ನೋಡಿದರು, ಬರಿದೇ ನೋಡಿದರು. ಆಗ ನನ್ನ ಬಾಯಿಂದ ಈ ಮಾತು ಬಂತು:

"ಪೂಜಿಗಿ ಇಟ್ಟದ್ದನ್ನ ಮುಟ್ಟಬ್ಯಾಡ ಅಂತ ಸವಿತಾಗ ನಿನ್ನೆ ಮುಂಜಾನಿನ ಹೇಳಿದ್ನಿ."

ಒಂದೊಂದು ಅಕ್ಷರವೂ ನಿಜ. ಹಾಗಿದ್ದೂ ನನ್ನ ಜೀವಮಾನದಲ್ಲಿ ಅಂಥ ಸುಳ್ಳನ್ನು ನಾನು ಇನ್ನೊಂದು ಆಡಿಲ್ಲ.

"ನಾ ಮುಟ್ಟಿಲ್ರಿ," ಎಂದಳು ಸವಿತಾ. "ದೇವರಾಣಿ ಮುಟ್ಟಿಲ್ಲ."

"ಆಣಿ ಬ್ಯಾರೆ ಮಾಡ್ತಿ! ಪರೀಕ್ಷಾನೂ ಬ್ಯಾಡ, ನೌಕರಿನೂ ಬ್ಯಾಡ." ಶಿವು ಕರೆಂಟಿನ ವಾಯರ್ ಕಿತ್ತು ಕಪಾಟಿನಲ್ಲಿಟ್ಟ. ಕೀಲಿ ತಂದು ಕೊಟ್ಟದ್ದು ಯಾರ ಕೈಗೆ? ನನ್ನ ಕೈಗೆ.

ಅದೇ ಸಂಜೆ ಅವಳು ನನಗೆ ಬನ್ನಿ ಕೊಟ್ಟು ಕಾಲು ಮುಟ್ಟಿದಳು. "ಬಂಗಾರದ್ಹಂಗ ಇರೋಣ್ರಿ ಅಕ್ಕಾ." ನಾನು ಆಶೀರ್ವಾದ ಮಾಡಿದೆ. ಆ ನಾಲಗೆಯಿಂದಲೇ.

ಪರೀಕ್ಷೆಯ ದಿನ ಅವಳು ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಬೇಲಾಪುರದ ಕಾಗದವನ್ನು ಮಡಚಿ ಟ್ರಂಕಿನ ತಳದಲ್ಲಿ ಇಟ್ಟದ್ದನ್ನು ನಾನು ನೋಡಿದೆ. ಆಗಲಾದರೂ...

ಅದಾಗಿ ನಾಲ್ಕೈದು ದಿನಕ್ಕೆ, ಮಧ್ಯಾಹ್ನದ ಊಟದ ನಂತರ, ಅವಳು ನನ್ನೆದುರು ಬಂದು ನಿಂತಳು. ಕ್ಲಾಸಿನ ಮೇಡಮ್ಮನ್ನು ಕೇಳಿ ಕನ್ನಡದಲ್ಲಿ ಬರೆದುಕೊಂಡ ಒಂದು ಚೀಟಿ ಕೈಯಲ್ಲಿತ್ತು.

"ಅಕ್ಕಾ, ವಾಯರ್ ಕೊಡ್ರಿ. ನೀವೂ ಬಾಜೂಕ ಕುಂದರ್ರಿ. ನಾ ಏನೇನ್ ಒತ್ತತೀನಿ ಎಲ್ಲಾ ನೋಡ್ರಿ. ನಾಳಿ ಯಾರರ ಕೇಳಿದ್ರ ನೀವ ನನ್ನ ಸಾಕ್ಷಿ."

ಕೂತೆ. ಮೊದಲು ಹಾಡಿನ ಅಳತೆ ತೆಗೆದು ತೋರಿಸಿದಳು. "ತೂಕ ನೋಡ್ರಿ, ಕಡಿಮಿ ಆಗಿಲ್ಲ. ಹಾಡು ಎಲ್ಲೂ ಹೋಗಿಲ್ರಿ ಅಕ್ಕಾ. ಹಾಡೂ ಪೆಟಗಿ ಕೈಯಾಗ ಕೊಡೂದು ಬಿಟ್ಟು, ಯಾರೋ ಓದೂ ವಹಿ ಕೈಯಾಗ ಕೊಟ್ಟಾರ. ಅದು ಪಾಪ ಹಾಡನ್ನ ಓದಾಕ ಹೊಂಟೈತಿ!"

ಬಲಮಗ್ಗುಲು ಒತ್ತಿದಳು. ನಾನು ಕಂಡಿದ್ದ ಅದೇ ಪಟ್ಟಿ, ಅದೇ ಚೌಕ. ವಹಿಯನ್ನು ಬಿಟ್ಟು ಹಾಡು ನುಡಿಸುವ ಚಿತ್ರವನ್ನು ಆರಿಸಿದಳು. "ಈ ಸರಿ ಗುರುತು ಐತಲ್ರಿ, ಇದರ ಅರ್ಥ 'ಇನ್ನ ಮ್ಯಾಲ ಯಾವಾಗ್ಲೂ ಇದರಾಗನ ತೆರಿ' ಅಂತ. ಯಾರೋ ಇದನ್ನ ಹಾಕಿದ್ದಕ್ಕ ಹದಿನೇಳೂ ಹಾಡು ಹಂಗಾದವು. ಪುಣ್ಯಾಕ್ಕ ಸೇವ್ ಮಾಡಿಲ್ಲ. ಮಾಡಿದ್ರ ಅತ್ತಿಯವರ ದನಿ ಖರೇನ ಹೋಗಿಬಿಡ್ತಿತ್ತು."

ಅವಳು ಎರಡು ಸಲ 'ಯಾರೋ' ಎಂದಳು. ನನ್ನ ಕಡೆ ನೋಡಲಿಲ್ಲ. ನಾನು ಅರ್ಥವಾಗದೆ ಒತ್ತಿದ ಆ 'ನೋ' ದೇವಿಯೇ ಒತ್ತಿಸಿದ್ದು ಎಂದು ಇವತ್ತಿಗೂ ನಂಬಿದ್ದೇನೆ. ಆದರೆ ಆ ದಯೆಗೆ ಬಾಯಿಬಿಟ್ಟು ಒಂದು ಕೃತಜ್ಞತೆ ಹೇಳುವ ದಾರಿಯನ್ನೂ ನಾನೇ ಮುಚ್ಚಿಕೊಂಡಿದ್ದೆ.

ಹಾಡು ಬಂತು. ಮೊದಲು ಅತ್ತೆಯ ಕೆಮ್ಮು, ಆಮೇಲೆ ಬೀಸುವ ಪದ. ತಾನು ಕಣ್ಣಿಂದ ನೋಡಿರದ ಅತ್ತೆಗಾಗಿ ಸವಿತಾ ತಲೆಯ ಮೇಲೆ ಸೆರಗು ಎಳೆದುಕೊಂಡಳು. ನಾನು ಅತ್ತುಬಿಟ್ಟೆ. ಅವಳು ನನ್ನ ಬೆನ್ನು ಸವರಿದಳು.

ಸಂಜೆ ಎಲ್ಲರಿಗೂ ಸಂತೋಷ. ಯಜಮಾನರು ಊಟಕ್ಕೆ ಕೂತು ನಗೆಯಾಡಿದರು: "ಕೆಡಿಸಿದಾಕಿಗೇ ಗೊತ್ತಿರತೈತಿ ನೋಡು, ಎಲ್ಲಿ ಕೆಡಿಸೀನಿ ಅಂತ." ಶಿವು ಹೌದೌದೆಂದ. ಸರಿ ಮಾಡಿದ್ದೇ ಅವಳ ತಪ್ಪಿಗೆ ರುಜುವಾತಾಯಿತು. ಸವಿತಾ ತನ್ನ ಸಾಕ್ಷಿಯ ಕಡೆ ತಿರುಗಿ ನೋಡಿದಳು. ನಾನು ಹಂಚಿನ ಮೇಲಿನ ರೊಟ್ಟಿ ತಿರುವಿದೆ.

ಆಮೇಲಿನದೆಲ್ಲ ಅವಳ ಛಲ. ಎರಡು ವರ್ಷದ ಮೇಲೆ ಮತ್ತೆ ಅರ್ಜಿ ಹಾಕಿದಳು, ಪಾಸಾದಳು, ಬೇಲಾಪುರಕ್ಕೇ ಕೆಲಸಕ್ಕೆ ಹೋದಳು. ಎರಡು ಲೋಕಲ್ ರೈಲು ಬದಲಿಸಿ, ನಿಂತುಕೊಂಡೇ. ಗಂಡ ಹೆಂಡತಿ ಸೇರಿ ಪಕ್ಕದೂರು ಕಲ್ಯಾಣದಲ್ಲಿ ಸ್ವಂತ ಮನೆ ಮಾಡಿದರು. ಬಿಲ್ಡಿಂಗಿನ ಹೆಂಗಸರನ್ನು ರವಿವಾರ ಕೂರಿಸಿಕೊಂಡು ಕಂಪ್ಯೂಟರ್ ಕಲಿಸುತ್ತಾಳೆ. ನನಗೆ ಮೊಬೈಲ್ ಕಲಿಸಿದವಳೂ ಅವಳೇ. "ಮುಟ್ರಿ ಅಕ್ಕಾ, ಅಂಜಬ್ಯಾಡ್ರಿ, ಕೆಟ್ಟರ ನಾ ಅದೀನಿ" ಎನ್ನುತ್ತಾಳೆ. ಅವಳಂಥ ಮನಸ್ಸನ್ನು ನಾನು ಈ ಊರಲ್ಲಿ ಇನ್ನೊಂದು ಕಂಡಿಲ್ಲ. ಆದರೆ ಆ ಎರಡು ವರ್ಷವನ್ನು ಅವಳಿಂದ ಕಿತ್ತುಕೊಂಡವಳು ನಾನು, ಅದಕ್ಕೆ ಲೆಕ್ಕವಿಲ್ಲ.

ಮೊನ್ನೆ ಅವರ ಮನೆಗೆ ಹೋಗಿದ್ದೆವು. ಅವಳ ಮಗಳಿಗೆ ಹತ್ತು ವರ್ಷ. ಕಂಪ್ಯೂಟರಿನಲ್ಲಿ ಏನೋ ಒತ್ತುತ್ತಿದ್ದಳು. ಶಿವು ತಮಾಷೆಗೆ, "ನಿಮ್ಮವ್ವ ಅಜ್ಜಿ ಹಾಡು ಕೆಡಿಸಿದಂಗ ಕೆಡಿಸೀಯವ್ವಾ!" ಎಂದ. ಹುಡುಗಿ ತಾಯಿಯ ಮುಖ ನೋಡಿ ಮರಾಠಿಯಲ್ಲಿ, "ಮಮ್ಮೀ, ತೂ ಖರಂಚ್ ಬಿಘಡವಲಂಸ್?" ಎಂದಳು. ನಿಜವಾಗಿಯೂ ನೀನೇ ಕೆಡಿಸಿದೆಯಾ ಎಂದು.

"ಇಲ್ಲವ್ವಾ. ನಾ ಮುಟ್ಟಿದ್ದಿಲ್ಲ," ಎಂದಳು ಸವಿತಾ. ಕೋಪವಿಲ್ಲ, ಅಳುವಿಲ್ಲ. ಮಗು ಒಮ್ಮೆ ಅಪ್ಪನನ್ನು, ಒಮ್ಮೆ ಅವ್ವನನ್ನು ನೋಡಿತು. ಯಾರನ್ನು ನಂಬಬೇಕೆಂದು ಅದಕ್ಕೆ ತಿಳಿಯಲಿಲ್ಲ. ಹೆತ್ತ ಮಗಳು ತಾಯಿಯನ್ನು ಅನುಮಾನದಿಂದ ನೋಡಿದ ಆ ಒಂದು ಗಳಿಗೆ —

ಬರುವ ರವಿವಾರ ಮತ್ತೆ ಕಲ್ಯಾಣಕ್ಕೆ ಹೋಗುತ್ತೇನೆ, ಯಜಮಾನರನ್ನೂ ಕರೆದುಕೊಂಡು. ಸವಿತಾಳನ್ನು ಮರೆಗೆ ಕರೆದು ಕಿವಿಯಲ್ಲಿ ಹೇಳುವ ಮಾತಲ್ಲ ಇದು. ಶಿವು ಇರಬೇಕು, ಮಗು ಎದುರಿಗೆ ಕೂತಿರಬೇಕು. ನನ್ನನ್ನು ಕ್ಷಮಿಸುವುದೋ ಬಿಡುವುದೋ ಸವಿತಾಳಿಗೆ ಬಿಟ್ಟದ್ದು. ಅದನ್ನು ನಾನು ದೇವಿಯ ಹತ್ತಿರ ಕೇಳಿಲ್ಲ. ಹೇಳುವಾಗ ಮಾತು ಅರ್ಧಕ್ಕೆ ನಿಲ್ಲದಿರಲಿ — ಅಷ್ಟನ್ನೇ ಕೇಳಿಕೊಂಡಿದ್ದೇನೆ.