ರಫೂ ಅಕ್ಕ ಕಂಡ ನೇರಳೆ

ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹರಿದ ಬಟ್ಟೆಗಳಿಗೆ ರಫೂ ಹಾಕುತ್ತಿದ್ದ ಹೆಂಗಸನ್ನು ಎಲ್ಲರೂ ರಫೂ ಅಕ್ಕ ಅಂತಲೇ ಕರೆಯುತ್ತಿದ್ದರು. ಇಲಿ ಕಡಿದದ್ದು, ಕಿಡಿ ಬಿದ್ದು ತೂತಾದದ್ದು, ಮೊಳೆಗೆ ಸಿಕ್ಕಿ ಕಿತ್ತದ್ದು, ಏನೇ ಇರಲಿ, ಅದೇ ಬಣ್ಣದ ನೂಲು ಹುಡುಕಿ, ಎಳೆಗೆ ಎಳೆ ಕೂಡಿಸಿ, ಅಲ್ಲೊಂದು ತೂತಿತ್ತು ಎನ್ನುವುದೇ ತಿಳಿಯದಂತೆ ಮಾಡಿಬಿಡುತ್ತಿದ್ದಳು. ಚೆನ್ನಾಗಿ ಮಾಡಿದ ರಫೂ ಯಾರ ಕಣ್ಣಿಗೂ ಬೀಳಬಾರದು. ಅವಳ ಬದುಕೂ ಹೆಚ್ಚುಕಡಿಮೆ ಹಾಗೇ ನಡೆದಿತ್ತು. ಹಾಕುವುದೆಲ್ಲ ಬೂದಿ ಬಣ್ಣ, ಇಲ್ಲವೇ ಮಣ್ಣು ಬಣ್ಣ. ಕೊಳೆ ಕಾಣಬಾರದು, ದಿನಾ ಒಗೆಯುವ ಗೋಳು ಇರಬಾರದು, ಅಷ್ಟೇ.

ಈಚೀಚೆಗೆ ಅವಳಿಗೆ ಬೆಳಗ್ಗೆ ಎದ್ದಾಗಲೇ ಸುಸ್ತು. ಗಂಡ ಮಂಡಿನೋವಿನಿಂದ ಲಿಫ್ಟ್ ನಡೆಸುವ ಕೆಲಸ ಬಿಟ್ಟ ಮೇಲೆ ಅಂಗಡಿಯ ದುಡಿಮೆಯೂ ಅವಳದೇ, ಮನೆಗೆಲಸವೂ ಅವಳದೇ. ಕಣ್ಣು ಮಂಜಾದದ್ದನ್ನೂ ಆ ಸುಸ್ತಿನ ಲೆಕ್ಕಕ್ಕೇ ಸೇರಿಸಿದಳು. ಬಲ್ಬು ಹಳೆಯದಾಯಿತು ಅಂದಳು. ಹೊಸ ಬಲ್ಬು ಹಾಕಿಸಿದ ಮೇಲೆ, ಇದೂ ಕಳಪೆ ಮಾಲು ಅಂದಳು.

ಒಂದು ಮಧ್ಯಾಹ್ನ ಅಂಗಡಿಯ ಯಜಮಾನಿ ಗಿರಾಕಿಯ ಕೋಟೊಂದನ್ನು ಹಿಡಿದುಕೊಂಡು ಒಳಗೆ ಬಂದಳು.

"ಅಕ್ಕಾ, ಸ್ವಲ್ಪ ಬಾಗಿಲ ಹತ್ರ ಬನ್ನಿ. ಇದೇನು ಮಾಡಿಟ್ಟಿದೀರಿ? ನೇರಳೆ ಕೋಟಿಗೆ ಕಂದು ನೂಲು!"

ರಫೂ ಅಕ್ಕ ಕೋಟಿನ ತೋಳನ್ನು ಮೂಗಿನ ತನಕ ತಂದುಕೊಂಡು ನೋಡಿದಳು. "ಎರಡೂ ಒಂದೇ ಬಣ್ಣ ಅಲ್ವಾ ಮೇಡಂ?"

ಯಜಮಾನಿ ಬೈಯುವುದನ್ನು ಬಿಟ್ಟು ಬಗ್ಗಿ ಅವಳ ಕಣ್ಣನ್ನೇ ನೋಡಿದಳು. "ನಾಳೆ ಕೆಲಸಕ್ಕೆ ಬರಬೇಡಿ. ಮೊದ್ಲು ಕಣ್ಣಿನ ಆಸ್ಪತ್ರೆಗೆ ಹೋಗಿ," ಅಂದಳು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಪೊರೆ ಚಹಾದ ಬಣ್ಣಕ್ಕೆ ತಿರುಗಿದೆಯಮ್ಮ," ಎಂದರು ಡಾಕ್ಟರು. "ಅದರೊಳಗಿಂದ ನೋಡಿದ್ರೆ ನೇರಳೆ ಎಲ್ಲ ಮಣ್ಣುಮಣ್ಣಾಗೇ ಕಾಣೋದು. ಮೊದ್ಲು ಬಲಗಣ್ಣಿಗೆ ಆಪರೇಷನ್ ಮಾಡೋಣ."

ಆಪರೇಷನ್ ಆದ ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಗೋಡೆಯ ಗೂಟದಲ್ಲಿ ದಟ್ಟ ನೇರಳೆ ಬಣ್ಣದ ಸ್ವೆಟರ್ ತೂಗುತ್ತಿತ್ತು.

"ರೀ, ಯಾರು ಬಂದಿದ್ರು? ಸ್ವೆಟರ್ ಬಿಟ್ಟು ಹೋಗಿದಾರೆ."

"ಯಾರೂ ಬಂದಿಲ್ಲ. ಅದು ನಿಂದೇ ಅಲ್ವೇನೇ?"

"ನಂದು ಮಣ್ಣು ಬಣ್ಣದ್ದು."

"ಯಾವ ಮಣ್ಣು? ಎರಡು ಚಳಿಗಾಲದಿಂದ ಇದನ್ನೇ ಹಾಕ್ಕೊಂಡು ಓಡಾಡ್ತಿದೀಯ," ಅಂದ ಗಂಡ.

ಅವಳು ಬಲಗಣ್ಣು ಮುಚ್ಚಿದಳು: ಮಣ್ಣು. ಎಡಗಣ್ಣು ಮುಚ್ಚಿದಳು: ನೇರಳೆ. ಮಂಚದ ಅಂಚಿಗೆ ಕುಸಿದು ಕೂತಳು. ಸಂಜೆಗತ್ತಲಲ್ಲಿ ತಳ್ಳುಗಾಡಿಯವನ ಹತ್ತಿರ ಅವಸರದಲ್ಲಿ ಕೊಂಡಿದ್ದ ಸ್ವೆಟರ್ ಅದು. ಮೂಲೆಮನೆಯ ನರ್ಸ್ "ಈ ಬಣ್ಣ ನಿಮಗೆ ಎಷ್ಟು ಒಪ್ಪತ್ತೆ" ಅಂದಾಗ, ಮಣ್ಣು ಬಣ್ಣ ಒಪ್ಪುವುದೂ ಒಂದು ಹೊಗಳಿಕೆಯಾ ಎಂದು ಒಳಗೊಳಗೇ ಮುನಿಸಿಕೊಂಡಿದ್ದಳು.

"ಊರೆಲ್ಲ ನೋಡಿದೆ. ಈ ವಯಸ್ಸಲ್ಲಿ ಇವಳದೇನು ಶೋಕಿ ಅಂದ್ಕೊಂಡಿರ್ತಾರೆ. ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ?"

ಗಂಡ ಮಂಡಿ ತಿಕ್ಕಿಕೊಳ್ಳುತ್ತಾ ಅಂದ: "ಏನಂತ ಹೇಳ್ಲಿ? ಮದುವೆ ಆದಾಗಿಂದ ನೀನು ಆಸೆಪಟ್ಟು ಒಂದು ಬಟ್ಟೆ ತಗೊಂಡವಳಲ್ಲ. ಕೊನೆಗೂ ತಗೊಂಡ್ಳಲ್ಲ ಅಂತ ಖುಷಿಯಾಗಿತ್ತು. ಬಾಯಿಬಿಟ್ರೆ ಎಲ್ಲಿ ಮಡಚಿ ಒಳಗಿಟ್ಟುಬಿಡ್ತೀಯೋ ಅಂತ ಸುಮ್ಮನಿದ್ದೆ."

"ಆಸೆಪಟ್ಟು ತಗೊಂಡಿದ್ದಲ್ಲ. ಕಣ್ಣು ಕಾಣದೆ ತಗೊಂಡಿದ್ದು."

ಅವನ ಮುಖ ಸಪ್ಪಗಾಯಿತು. ಊರು ನೋಡಿದ್ದಕ್ಕಿಂತ ಅದೇ ಅವಳನ್ನು ಹೆಚ್ಚು ಚುಚ್ಚಿತು.

ಹೊಸ ಕಣ್ಣಿಗೆ ಕಂಡದ್ದು ಬಣ್ಣವೊಂದೇ ಅಲ್ಲ. ಒಲೆಯ ಹಿಂದಿನ ಜಿಡ್ಡು, ಸೂರಿನ ಜೇಡರಬಲೆ, ಕನ್ನಡಿಯಲ್ಲಿ ತನ್ನ ಕಣ್ಣ ಕೆಳಗಿನ ಕಪ್ಪು ಎಲ್ಲವೂ ಒಟ್ಟಿಗೇ ಕಂಡವು. ಇಷ್ಟನ್ನೆಲ್ಲ ತಿಕ್ಕುವವರು ಯಾರು ಎಂದು ಯೋಚಿಸಿಯೇ ಅವಳ ಕೈ ಸೋತಿತು. ಸ್ವೆಟರ್ ಮಡಚಿಟ್ಟು, ಹಳೆಯ ಬೂದಿ ಬಣ್ಣದ ಕೋಟು ಹಾಕಿಕೊಂಡು ಕೆಲಸಕ್ಕೆ ಹೋದಳು. ದಾರಿಯಲ್ಲಿ ಸಿಕ್ಕ ನರ್ಸ್ "ಹುಷಾರಿಲ್ವಾ?" ಅಂತ ಕೇಳಿದಳು. ಅಂಗಡಿಯಲ್ಲಿ ಯಜಮಾನಿ, "ಕಣ್ಣೇನೋ ಸರಿಹೋಯ್ತು, ಆದ್ರೆ ನೀವ್ಯಾಕೋ ಮಂಕಾಗಿದೀರಿ ಅಕ್ಕ," ಅಂದಳು.

ಭಾನುವಾರ ಬೇರೆ ಸ್ವೆಟರ್ ಕೊಳ್ಳೋಣವೆಂದು ಗಂಡನ ಜೊತೆ ಬಟ್ಟೆ ಅಂಗಡಿಗೆ ಹೋದಳು. ಅಂಗಡಿಯವಳು ಬೂದಿ, ಮಣ್ಣು, ಕಪ್ಪು ಎಂದು ರಾಶಿ ಹಾಕಿದಳು. ಇಷ್ಟು ವರ್ಷ ಕಣ್ಣುಮುಚ್ಚಿ ಆರಿಸುತ್ತಿದ್ದವಳಿಗೆ ಈಗ ಒಂದೂ ಕೈಗೆತ್ತಿಕೊಳ್ಳಲು ಮನಸ್ಸು ಬರಲಿಲ್ಲ. ನಿಂತು ನಿಂತು ಕಾಲು ಪದ ಹೇಳತೊಡಗಿತು. "ಬೇಡ ಬಿಡಿ, ಹೋಗೋಣ," ಎಂದು ಬರಿಗೈಯಲ್ಲಿ ಹೊರಗೆ ಬಂದು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಳು.

ಗಾಳಿ ತಣ್ಣಗೆ ಬೀಸಿತು. ಗಂಡ ಕೈಚೀಲದಿಂದ ನೇರಳೆ ಸ್ವೆಟರ್ ತೆಗೆದು ಅವಳ ತೊಡೆಯ ಮೇಲಿಟ್ಟ.

"ಇದನ್ನ ಯಾಕೆ ತಂದ್ರಿ? ಜನ ನೋಡ್ತಾರೆ."

"ನೋಡ್ಲಿ ಬಿಡು. ಇಷ್ಟು ದಿನ ನೋಡಿದಾರೆ, ಯಾರಿಗೂ ಏನೂ ಆಗಿಲ್ಲ."

ವಾದ ಮಾಡಲು ಅವಳಲ್ಲಿ ಶಕ್ತಿ ಇರಲಿಲ್ಲ. ಹಾಕಿಕೊಂಡಳು. ಆಮೇಲೆ ತೋಳನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿದಳು. ಅದರಲ್ಲಿ ಕೆಂಪಿನ ಹಟವೂ ಇರಲಿಲ್ಲ, ನೀಲಿಯ ಬಿಗುಮಾನವೂ ಇರಲಿಲ್ಲ. ಎರಡೂ ದಣಿದು ಒಂದರ ಹೆಗಲಿಗೆ ಒಂದು ಒರಗಿದ ಹಾಗಿತ್ತು.

"ಚೆನ್ನಾಗೇ ಇದೆ," ಅಂದಳು, ತನಗೇ ಹೇಳಿಕೊಳ್ಳುವಂತೆ.

ಗಂಡ ಖಾಲಿ ಕೈಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡ. ಬಸ್ಸು ಬಂತು. ಒಬ್ಬರ ಕೈ ಒಬ್ಬರು ಹಿಡಿದು ಹತ್ತಿದರು. ಕೂರಲು ಜಾಗವಿತ್ತು.