ಸಂಡಿಗೆ ಪಕ್ಷ, ಶಾವಿಗೆ ಪಕ್ಷ ಮತ್ತು ನನ್ನ ಒಂದು ವೋಟು

ಕಿರ್ರ್... ಕಿರ್ರ್... ಟಕ್. ಮತ್ತೆ ಕಿರ್ರ್. ಬೇಸಿಗೆ ಬಂತೆಂದರೆ ಈಗಲೂ ಆ ಸದ್ದು ನನ್ನ ಕಿವಿಯಲ್ಲಿ ಶುರುವಾಗುತ್ತದೆ. ರಾಯಚೂರಿನ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ, ಮಂಚಕ್ಕೆ ಬಿಗಿದ ಶಾವಿಗೆ ಮಷೀನಿನ ಹಿಡಿಕೆಯ ಸದ್ದು. ಎಣ್ಣೆ ಬಿಟ್ಟರೂ ಅದರ ಅಳು ನಿಲ್ಲುತ್ತಿರಲಿಲ್ಲ. ತಿರುಗಿಸುತ್ತಿದ್ದವರು ಎದುರುಮನೆಯ ಆಪಾ, ನನ್ನ ಗೆಳತಿ.

ಐದು ಮನೆ, ಒಂದೇ ಟೆರೇಸು. ಎರಡು ಮನೆಗಳದು ಸಂಡಿಗೆ ಪಕ್ಷ. ಅದಕ್ಕೆ ಕೆಳಮನೆಯ ವೈನಿ ಲೀಡರ್. ಅವರದು ಮಡಿ ಸಂಡಿಗೆ. ಅದು ಒಣಗುವವರೆಗೆ ಯಾರೂ ಮೇಲೆ ಕಾಲಿಡುವಂತಿಲ್ಲ. ಕಾಗೆಯನ್ನೂ ದೂರ ನಿಂತೇ ಬೈಯಬೇಕು. ಇನ್ನೆರಡು ಮನೆಗಳದು ಆಪಾರ ಶಾವಿಗೆ ಪಕ್ಷ. ಉಳಿದವಳು ನಾನು. ನಾಳೆ ಟೆರೇಸು ಯಾರಿಗೆ ಎಂದು ದಿನಾ ಸಂಜೆ ಮೆಟ್ಟಿಲ ಮೇಲೆ ಕೂತು ಕೈ ಎತ್ತುತ್ತಿದ್ದೆವು. ಎರಡಕ್ಕೆರಡು. ನನ್ನ ಕೈ ಎತ್ತ ಹೋದರೆ ಬಿಸಿಲು ಅತ್ತ.

ಕಾನ್ವೆಂಟಿನಲ್ಲಿ ಸಿವಿಕ್ಸ್ ಕಲಿತು, ಜೀವನವಿಡೀ ಅದನ್ನೇ ಕಲಿಸಿದವಳು ನಾನು. ನಮ್ಮ ಸಿಸ್ಟರ್ ಬೆರಳ ತುದಿಯಲ್ಲಿ ಫುಟ್‌ರೂಲರ್ ನಿಲ್ಲಿಸಿ, "ದಿಸ್ ಈಸ್ ಬ್ಯಾಲೆನ್ಸ್ ಆಫ್ ಪವರ್, ಗರ್ಲ್ಸ್" ಎನ್ನುತ್ತಿದ್ದರು. ಮಾತಾಡಿದರೆ ಅದೇ ರೂಲರ್ ನಮ್ಮ ಅಂಗೈ ಮೇಲೆ. ಯಾವ ಗುಂಪೂ ಬಲಿಯಬಾರದು, ನಡುವಿನವರು ಇಂದು ಇತ್ತ, ನಾಳೆ ಅತ್ತ ವಾಲಬೇಕು. ನಾನು ಹಾಗೇ ವಾಲುತ್ತಿದ್ದೆ. ಒಂದು ಕಡೆಯಿಂದ ಕರಿದ ಸಂಡಿಗೆ, ಇನ್ನೊಂದು ಕಡೆಯಿಂದ ಶಾವಿಗೆ ಪಾಯಸ ಬರುತ್ತಿತ್ತು. ಲಂಚ ಎನ್ನಬೇಡಿ, ಡಿಪ್ಲೊಮಸಿ.

ಆ ಬೇಸಿಗೆ ಆಪಾ ದೇವದುರ್ಗದ ಮಗಳ ಮನೆಗೆ, ಇರಲೆಂದೇ ಹೊರಟಿದ್ದರು. ಮಗಳ ಅತ್ತೆಯೂ ಅದೇ ಮನೆಯಲ್ಲಿದ್ದರು. "ಬೀಗರ ಮನಿಗಿ ಬರಿಗೈಲೆ ಹೋಗೂದಿಲ್ರೀ ಅಕ್ಕೋರ, ಒಂದು ಡಬ್ಬಿ ಶಾವಗಿ ನನ್ನ ಕೈಯಾಗಿಂದೇ ಒಯ್ತೀನಿ." ಉಳಿದದ್ದು ಒಂದೇ ದಿನ. ಗೆಳತಿಯ ವೋಟು ತಮಗೇ ಎಂದುಕೊಂಡು ಹಿಟ್ಟನ್ನೂ ನಾದಿಟ್ಟಿದ್ದರು.

ಆದರೆ ಅಂದಿನ ಬಿಸಿಲು ಶಾವಿಗೆ ಪಕ್ಷದ ಇನ್ನೊಂದು ಮನೆಗೆ ಸಿಕ್ಕಿತ್ತು. ನಾನು ಸಂಡಿಗೆಗೆ ಕೈ ಎತ್ತಿದೆ.

"ಯಾ ಅಲ್ಲಾ! ಅಕ್ಕೋರ, ಹಿಟ್ಟು ನಾದೀನ್ರೀ!"

"ಪ್ರಿನ್ಸಿಪಲ್ ಅಂದ್ರ ಪ್ರಿನ್ಸಿಪಲ್, ಆಪಾ. ಇವತ್ತು ನಿಮ್ಮ ಪಕ್ಷ, ನಾಳಿ ಅವರ ಪಕ್ಷ."

"ನಾಳಿ ಬಿಸಿಲು ತಪ್ಪಿದ್ರ ಹಿಟ್ಟು ಹುಳಿ ಬರ್ತದ. ನಿಮ್ಮ ಪ್ರಿನ್ಸಿಪಲ್ಲೇ ಡಬ್ಬ್ಯಾಗ ತುಂಬಿಕೊಂಡು ಹೋಗ್ಲೇನು?"

ಬಾಗಿಲು ದಡ್ ಎಂದಿತು. ಆ ರಾತ್ರಿ ನನಗೆ ಅನ್ನ ಇಳಿಯಲಿಲ್ಲ. ಥಿಯರಿ ಮಾತ್ರ ಸರಿಯಾಗಿತ್ತು.

ಮರುದಿನ ಮಧ್ಯಾಹ್ನ ಮೇಲಿನಿಂದ ಕಿರ್ರ್ ಕೇಳಿತು. ಮಂಡಿ ಹಿಡಿದುಕೊಂಡು ಹತ್ತಿದೆ. ಸಂಡಿಗೆಯ ಬಟ್ಟೆ ನೀರಿನ ಟ್ಯಾಂಕಿನ ಕಡೆ ಸರಿದಿತ್ತು. ಆಪಾ ಹಿಡಿಕೆ ತಿರುಗಿಸುತ್ತಿದ್ದರು, ಕೋಲುಗಳ ಮೇಲೆ ಶಾವಿಗೆ ಇಳಿಬಿದ್ದಿತ್ತು. ವೈನಿ ಮಡಿ ಸೀರೆಯಲ್ಲಿ ದೂರ ಕೂತು, ತಾಟು ಬಡಿದು ಇಬ್ಬರ ಕಾಗೆಗಳನ್ನೂ ಓಡಿಸುತ್ತಿದ್ದರು.

"ಇದು ಯಾವಾಗ ಡಿಸೈಡ್ ಆತು?"

"ಮುಂಜಾನೆ," ಎಂದರು ವೈನಿ. "ನನ್ನ ಸಂಡಿಗಿ ಹನ್ನೆರಡಕ್ಕ ಗರಿಗರಿ ಆಗ್ತದ. ಉಳದ ಬಿಸಿಲೇನು ಉಪ್ಪಿನಕಾಯಿ ಹಾಕ್ಲೇನು? ನಾನೇ ಹೋಗಿ ಆಕಿ ಬಾಗಲಾ ಬಡದೆ."

"ಹಂಗಾದ್ರ ಇಷ್ಟು ದಿನ ವೋಟು?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಪಾ ನಕ್ಕುಬಿಟ್ಟರು. "ರಿಟೈರ್ ಆದವ್ರಿಗಿ ಏನರೆ ಡ್ಯೂಟಿ ಬೇಕಲ್ರೀ! ಏನ್ ನೋಡಾಕತ್ತೀರಿ, ಬರ್ರಿ, ಹಿಟ್ಟು ತುಂಬ್ರಿ."

ಎರಡು ಶಕ್ತಿಗಳು ಹೀಗೆ ನಡುವಿನವಳನ್ನು ಬಿಟ್ಟು ಒಂದಾಗಬಹುದೆಂದು ಸಿಸ್ಟರ್ ಹೇಳಿರಲೇ ಇಲ್ಲ. ಸಂಜೆಯವರೆಗೆ ಹಿಟ್ಟು ತುಂಬಿದೆ.

ಮರುದಿನ ಬೆಳಿಗ್ಗೆ ಆಪಾ ಬಸ್‌ಸ್ಟ್ಯಾಂಡಿಗೆ ಆಟೋ ಹತ್ತಿದರು. ತೊಡೆಯ ಮೇಲೆ ಶಾವಿಗೆ ಡಬ್ಬಿ, ಅದರ ಮೇಲೆ ವೈನಿ ಕಟ್ಟಿಕೊಟ್ಟ ಸಂಡಿಗೆ. ನಾನು ಗೇಟಿನಲ್ಲಿ ನಿಂತು ಕೈ ಬೀಸಿದೆ. ಎರಡು ಕೈಯಲ್ಲೂ ಡಬ್ಬಿ ಹಿಡಿದಿದ್ದರಿಂದ ಅವರಿಗೆ ಬೀಸಲಾಗಲಿಲ್ಲ. ಆಟೋ ತಿರುವಿಗೆ ಹೋಗುವವರೆಗೂ ನನ್ನ ಕಡೆ ಗದ್ದ ಆಡಿಸುತ್ತಲೇ ಇದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.